ಹತ್ತಲು ಬರುತ್ತೆ, ಇಳಿಯಲು ಬರುತ್ತಾ? ಹಿಮಶಿಖರದ ಸ್ಕೀ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಆಲ್ಪ್ಸ್‌ನ ಸ್ಕೀ ಪರ್ವತಾರೋಹಣದ ಬಗ್ಗೆ ಒಂದು ಪುಟ ಬರೆದಿದ್ದೆ. ಲಿಫ್ಟ್ ಇಲ್ಲದ ಕಡೆ ಸ್ಕೀ ಹಾಕಿಕೊಂಡೇ ಹಿಮದ ಬೆಟ್ಟ ಹತ್ತುವುದು, ಶಿಖರ ಮುಟ್ಟಿ ಅದೇ ಸ್ಕೀ ಮೇಲೆ ಇಳಿದು ಬರುವುದು, ಜೊತೆಗೆ ಒಬ್ಬ ಗೈಡ್. ಪುಣೆ, ಮುಂಬೈ, ಗೋವಾದಿಂದ ತುಂಬಾ ಜನ ಬರೆದಿದ್ದೀರಿ, ಖುಷಿಯಾಯಿತು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಸರ್, ಪ್ರತಿ ಭಾನುವಾರ ಸಿಂಹಗಡ ಹತ್ತುತ್ತೇನೆ. ರಾಜಗಡ, ಕಳಸೂಬಾಯಿ ಎಲ್ಲ ಆಗಿದೆ, ಹಿಮಾಲಯದಲ್ಲೂ ಟ್ರೆಕ್ ಮಾಡಿದ್ದೇನೆ. ಸ್ಕೀ ಮಾತ್ರ ಗೊತ್ತಿಲ್ಲ. ಬರುವ ಏಪ್ರಿಲ್‌ನಲ್ಲಿ ಆಲ್ಪ್ಸ್‌ನ 4,000 ಮೀಟರ್ ಶಿಖರವೊಂದನ್ನು ಸ್ಕೀ ಮೇಲೆ ಮಾಡುವ ಆಸೆ. ಗೈಡ್ ಇರ್ತಾರಲ್ಲ, ಆಗುತ್ತೆ ಅಲ್ವಾ? – ಕೊತ್ರೂಡ್, ಪುಣೆ

ಉತ್ತರ: ಬರುವ ಏಪ್ರಿಲ್ ಬೇಡ. ನೇರವಾಗಿ ಹೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಕಾಲಲ್ಲಿ ಶಕ್ತಿ ಇದೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ನೀವು ಲೆಕ್ಕ ಹಾಕಿರುವುದು ಹತ್ತುವುದನ್ನು ಮಾತ್ರ.

ಇಟಲಿಯ ಗ್ರಾನ್ ಪರಾಡೀಸೊ ತಗೊಳ್ಳಿ. ಎತ್ತರ 4,061 ಮೀಟರ್. ಸ್ಕೀ ಹಾಕಿಕೊಂಡು ಹೋಗುವ 4,000 ಮೀಟರ್ ಶಿಖರಗಳಲ್ಲಿ ಇದನ್ನು ಸುಲಭದ್ದು ಅಂತಲೇ ಹೇಳುತ್ತಾರೆ, ಮೊದಲ ಸಲ ಹೋಗುವವರನ್ನು ಗೈಡ್‌ಗಳು ಇಲ್ಲಿಗೇ ಕರೆದುಕೊಂಡು ಬರುವುದು ಜಾಸ್ತಿ. ಹಿಂದಿನ ರಾತ್ರಿ ಸುಮಾರು 2,730 ಮೀಟರ್ ಎತ್ತರದ ವಿಟ್ಟೋರಿಯೊ ಇಮಾನ್ಯುಯೆಲೆ ಎಂಬ ಬೆಟ್ಟದ ತಂಗುಮನೆಯಲ್ಲಿ, ಅಂದರೆ ಹಟ್‌ನಲ್ಲಿ ಮಲಗುತ್ತೀರಿ. ಬೆಳಗಿನ ಜಾವ ಎದ್ದು ತಲೆಗೆ ದೀಪ ಕಟ್ಟಿಕೊಂಡು ಹೊರಟರೆ ಶಿಖರಕ್ಕೆ 1,300 ಮೀಟರ್‌ಗೂ ಮೇಲೆ ಏರು. ಸಿಂಹಗಡವನ್ನು ಆತಕರ್‌ವಾಡಿಯಿಂದ ಎರಡು ಸಲ ಹತ್ತಿದಷ್ಟು, ಆದರೆ ಪುಣೆಗಿಂತ ತುಂಬಾ ತೆಳುವಾದ ಗಾಳಿಯಲ್ಲಿ. ತುದಿಯಲ್ಲಿ ಸ್ಕೀ ಬಿಚ್ಚಿಟ್ಟು, ಬೂಟಿಗೆ ಲೋಹದ ಮುಳ್ಳುಗಳಿರುವ ಕ್ರಾಂಪನ್ ಕಟ್ಟಿ, ಹಗ್ಗ ಹಾಕಿಕೊಂಡು ಸ್ವಲ್ಪ ಬಂಡೆ ಹತ್ತಬೇಕು, ಅಲ್ಲಿ ಮೇರಿ ಮಾತೆಯ ಮೂರ್ತಿ ಇದೆ. ಇಲ್ಲಿಯವರೆಗೆ ನೀವು ಬಂದೇ ಬರುತ್ತೀರಿ.

ಆಮೇಲೆ? ಕೆಳಗಿನ ಪೋಂಟ್ ಊರು ಸುಮಾರು 1,960 ಮೀಟರ್‌ನಲ್ಲಿದೆ. ಅಂದರೆ 2,100 ಮೀಟರ್ ಇಳಿಜಾರು, ದಣಿದ ಕಾಲಲ್ಲಿ, ಬೆನ್ನಿಗೆ ಚೀಲ ಹಾಕಿಕೊಂಡು. ಮೇಲೆ ಗಾಳಿ ಬಡಿದು ಹಲಗೆಯಂತಾದ ಗಟ್ಟಿ ಹಿಮ, ನಡುವೆ ಹಿಮನದಿಯ ಬಿರುಕುಗಳು, ಕೆಳಗೆ ಬಿಸಿಲಿಗೆ ಕರಗಿ ಕಾಲು ಹಿಡಿಯುವ ಒದ್ದೆ ಹಿಮ. ಸ್ಕೀ ಬಾರದವರನ್ನು ಇಲ್ಲಿಂದ ಇಳಿಸಲು ಯಾವ ಗೈಡ್‌ಗೂ ಸಾಧ್ಯವಿಲ್ಲ. ಅವರು ದಾರಿ ತೋರಿಸಬಹುದು, ಎಲ್ಲಿ ತಿರುಗಬೇಕು ಹೇಳಬಹುದು, ನಿಮ್ಮ ಬದಲು ತಿರುಗಲು ಆಗುವುದಿಲ್ಲ. ಒಬ್ಬರು ಪದೇ ಪದೇ ಬಿದ್ದರೆ ಇಡೀ ಗುಂಪು ತಡವಾಗುತ್ತದೆ, ಬಿಸಿಲು ಏರುತ್ತದೆ, ಹಿಮ ಸಡಿಲವಾಗುತ್ತದೆ. ಬೆಟ್ಟದಲ್ಲಿ ತಡ ಅಂದರೇನೇ ಅಪಾಯ.

ನನ್ನ ಸಲಹೆ ಹೀಗಿದೆ. ಮೊದಲ ಚಳಿಗಾಲ ಬರೀ ಇಳಿಯುವುದನ್ನು ಕಲಿಯಿರಿ. ಯುರೋಪಿನ ಸ್ಕೀ ದಾರಿಗಳಿಗೆ ಬಣ್ಣ ಇರುತ್ತದೆ, ನೀಲಿ ಸುಲಭ, ಕೆಂಪು ಅದಕ್ಕಿಂತ ಕಷ್ಟ, ಕಪ್ಪು ಕಡಿದು. ಕೆಂಪು ದಾರಿಯಲ್ಲಿ ಯಾವ ಹಿಮವಿದ್ದರೂ ಗಾಬರಿಯಾಗದೆ, ಎರಡೂ ಸ್ಕೀ ಜೋಡಿಯಾಗಿಟ್ಟು ತಿರುಗಿಸುತ್ತಾ ಇಳಿಯುವಷ್ಟು ಆಗಬೇಕು. ಎರಡನೇ ಚಳಿಗಾಲ ಸಣ್ಣ ಬೆಟ್ಟಗಳಲ್ಲಿ ಸ್ಕಿನ್ (ಹಿಂದಕ್ಕೆ ಜಾರದಂತೆ ಸ್ಕೀ ತಳಕ್ಕೆ ಅಂಟಿಸುವ ಪಟ್ಟಿ) ಹಾಕಿ ಹತ್ತುವುದು, ಕಡಿದಾದ ಕಡೆ ನಿಂತಲ್ಲೇ ಸ್ಕೀ ಎತ್ತಿ ದಿಕ್ಕು ಬದಲಿಸುವ ಕಿಕ್ ಟರ್ನ್, ಸಿದ್ಧಪಡಿಸದ ಹಿಮದಲ್ಲಿ ಇಳಿಯುವುದು. ಆಮೇಲೆ ಶಿಖರದ ಮಾತು. ಸಿಂಹಗಡ ಬಿಡಬೇಡಿ, ಇಳಿಯುವಾಗಲೂ ಓಡದೆ ತೊಡೆಗೆ ಭಾರ ಕೊಟ್ಟು ಇಳಿಯಿರಿ.

ಪ್ರಶ್ನೆ: ಸ್ಕೀ ಕಲಿಯಲು ಯುರೋಪಿಗೇ ಹೋಗಬೇಕಾ? ನಮ್ಮ ದೇಶದಲ್ಲಿ ಆಗಲ್ವಾ? – ಚಿಂಚ್‌ವಡ್

ಉತ್ತರ: ಧಾರಾಳವಾಗಿ ಆಗುತ್ತದೆ, ಅಲ್ಲಿಂದಲೇ ಶುರು ಮಾಡಿ. ಗುಲ್ಮಾರ್ಗ್, ಔಲಿ, ಮನಾಲಿ ಹತ್ತಿರದ ಸೋಲಂಗ್, ಮೂರೂ ಕಡೆ ಚಳಿಗಾಲದಲ್ಲಿ ತರಬೇತಿ ಸಿಗುತ್ತದೆ. ಗುಲ್ಮಾರ್ಗ್ ಮತ್ತು ಮನಾಲಿಯ ಸರ್ಕಾರಿ ಸಂಸ್ಥೆಗಳ ಕೋರ್ಸ್‌ಗಳಲ್ಲಿ ಶಿಸ್ತು ಜಾಸ್ತಿ, ಖರ್ಚು ಕಡಿಮೆ, ಆದರೆ ಸೀಟು ಬೇಗ ತುಂಬುತ್ತದೆ. ಗುಲ್ಮಾರ್ಗ್‌ನ ಗೊಂಡೋಲಾ ಅನ್ನುವ ಕೇಬಲ್ ಕಾರ್‌ನ ಎರಡನೇ ಹಂತ ಅಫರ್ವಟ್ ಬೆಟ್ಟದಲ್ಲಿ ಸುಮಾರು 3,980 ಮೀಟರ್ ತನಕ ಹೋಗುತ್ತದೆ. ಅಲ್ಲಿಂದ ಕೆಳಗೆ ಆಳವಾದ ಹಿಮ, ಅದಕ್ಕಾಗಿಯೇ ಜಗತ್ತಿನ ಎಲ್ಲೆಡೆಯಿಂದ ಸ್ಕೀ ಮಾಡುವವರು ಬರುತ್ತಾರೆ. ಹೊಸಬರು ಆ ಹಂತಕ್ಕೆ ಹೋಗಬಾರದು. 2010ರ ಫೆಬ್ರವರಿಯಲ್ಲಿ ಗುಲ್ಮಾರ್ಗ್ ಹತ್ತಿರ ಹಿಮಕುಸಿತದಲ್ಲಿ ತರಬೇತಿಯಲ್ಲಿದ್ದ ನಮ್ಮ ಸೈನಿಕರೇ ತೀರಿಕೊಂಡರು.

ಹಗ್ಗ, ಐಸ್ ಆ್ಯಕ್ಸ್, ಕ್ರಾಂಪನ್ ಕೆಲಸಕ್ಕೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಅಥವಾ ಮನಾಲಿಯ ಬೇಸಿಕ್ ಕೋರ್ಸ್ ಮಾಡಿಕೊಳ್ಳಿ. ಅದು ಸುಮಾರು ನಾಲ್ಕು ವಾರ. ರಜೆ ಸಿಗುವುದೇ ಕಷ್ಟ ಅಂತ ಗೊತ್ತು, ಆದರೂ ಒಮ್ಮೆ ಮಾಡಿದರೆ ಜೀವನಪೂರ್ತಿ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನಮಸ್ಕಾರ. ಮಗ ಫ್ರಾನ್ಸ್‌ನ ಶಮೋನಿಯಿಂದ ಸ್ವಿಟ್ಜರ್ಲೆಂಡ್‌ನ ಝೆರ್ಮಾಟ್‌ಗೆ ಸ್ಕೀ ಮೇಲೆ ಹೋಗುತ್ತಾನಂತೆ, ಐದಾರು ವರ್ಷದಿಂದ ಸ್ಕೀ ಮಾಡುತ್ತಿದ್ದಾನೆ. ಗೈಡ್ ಇದ್ದಾರೆ, ಹಗ್ಗ ಕಟ್ಟಿರುತ್ತಾರೆ, ಏನೂ ಆಗಲ್ಲಮ್ಮ ಅನ್ನುತ್ತಾನೆ. ನಿಜವಾ? ಹಿಮಕುಸಿತದ ಸುದ್ದಿ ಓದಿದರೆ ನಿದ್ದೆ ಬರಲ್ಲ. – ದಾದರ್, ಮುಂಬೈ

ಉತ್ತರ: ಅಮ್ಮಾ, ನಿಮ್ಮ ಭಯಕ್ಕೆ ಕಾರಣ ಇದೆ. ಅವನು ಹೇಳುವುದು ಅರ್ಧ ನಿಜ. ಆ ದಾರಿಗೆ ಓಟ್ ರೂಟ್ ಅನ್ನುತ್ತಾರೆ, ಸುಮಾರು ಒಂದು ವಾರದ ಪ್ರಯಾಣ, ಹಟ್‌ನಿಂದ ಹಟ್‌ಗೆ. ಹಿಮನದಿ ಹತ್ತುವಾಗ ಬಿರುಕು ಇರುವ ಕಡೆ ಹಗ್ಗ ಕಟ್ಟುತ್ತಾರೆ. ಸ್ಕೀ ಮೇಲೆ ಇಳಿಯುವಾಗ ಹೆಚ್ಚಾಗಿ ಹಗ್ಗ ಇರುವುದಿಲ್ಲ. ಗೈಡ್ ಮುಂದೆ ಹೋಗುತ್ತಾರೆ, ಉಳಿದವರು ದೂರ ಬಿಟ್ಟು, ಅವರು ಬಿಟ್ಟ ಗುರುತಿನ ಹತ್ತಿರವೇ ಇಳಿಯಬೇಕು. ಹಿಮನದಿಯ ಬಿರುಕಿನ ಮೇಲೆ ಹಿಮದ ಸೇತುವೆ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಫೋಟೋಗೆಂದು ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗುವುದೂ ತಪ್ಪು.

ಹಿಮಕುಸಿತದ ವಿಷಯ ಬಿಡಿಸಿ ಹೇಳುತ್ತೇನೆ. ಹಿಮ ಒಂದೇ ಸಲ ಬೀಳುವುದಿಲ್ಲ, ಪದರ ಪದರವಾಗಿ ಕೂರುತ್ತದೆ. ನಡುವಿನ ಒಂದು ಪದರ ಬಲವಿಲ್ಲದೆ ಪುಡಿಯಾಗಿದ್ದರೆ, ಮೇಲಿನ ಗಟ್ಟಿ ಪದರ ಒಬ್ಬ ಮನುಷ್ಯನ ಭಾರಕ್ಕೇ ಬಿರುಕು ಬಿಟ್ಟು ಇಡಿಯಾಗಿ ಜಾರುತ್ತದೆ. ಹೆಚ್ಚಿನವು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ, ಸ್ಕೀ ಮಾಡಲು ಎಲ್ಲರಿಗೂ ಇಷ್ಟವಾಗುವ ಇಳಿಜಾರೂ ಅದೇ. ವಸಂತ ಕಾಲದಲ್ಲಿ ಇನ್ನೊಂದು ಬಗೆ ಇದೆ. ರಾತ್ರಿ ಹೆಪ್ಪುಗಟ್ಟಿದ ಹಿಮ ಬಿಸಿಲಿಗೆ ನೀರು ಕುಡಿದು ಭಾರವಾಗಿ ಜಾರುತ್ತದೆ. ಅದಕ್ಕೇ ಕತ್ತಲಲ್ಲಿ ಹೊರಡುವುದು, ಮಧ್ಯಾಹ್ನದೊಳಗೆ ಹಟ್ ಸೇರುವುದು.

ಯುರೋಪಿನಲ್ಲಿ ಚಳಿಗಾಲದುದ್ದಕ್ಕೂ ಹಿಮಕುಸಿತದ ಮುನ್ಸೂಚನೆ ಕೊಡುತ್ತಾರೆ, 1ರಿಂದ 5ರವರೆಗೆ ಅಂಕ. 3 ಅಂದರೆ ಮಧ್ಯಮ ಅಂತ ಕೆಲವರು ಸುಮ್ಮನಾಗುತ್ತಾರೆ. ಹಾಗಲ್ಲ. 3ರ ದಿನಗಳಲ್ಲೇ ತುಂಬಾ ಜನ ಸಾಯುತ್ತಾರೆ, ಯಾಕೆಂದರೆ 4 ಮತ್ತು 5ರಲ್ಲಿ ಜನ ಮನೆಯಲ್ಲೇ ಇರುತ್ತಾರೆ. ಹಿಮದಡಿ ಹೂತುಹೋದವರನ್ನು ಮೊದಲ ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿದೆ, ಆಮೇಲೆ ಬೇಗ ಕುಸಿಯುತ್ತದೆ. ಹೆಲಿಕಾಪ್ಟರ್ ಅಷ್ಟರಲ್ಲಿ ಬರುವುದು ಕಷ್ಟ. ಜೊತೆಗಿದ್ದವರೇ ಅಗೆಯಬೇಕು. ಪ್ರತಿಯೊಬ್ಬರ ಎದೆಗೂ ಒಂದು ಟ್ರಾನ್ಸೀವರ್ ಇರುತ್ತದೆ, 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಬಿಡುತ್ತಿರುತ್ತದೆ. ಅದರ ಜೊತೆ ಚುಚ್ಚಿ ನೋಡುವ ಉದ್ದನೆಯ ಪ್ರೋಬ್, ಒಂದು ಸಲಿಕೆ.

ಮಗನಿಗೆ ಒಂದೇ ಪ್ರಶ್ನೆ ಕೇಳಿ: ಗೈಡ್ ಹೂತುಹೋದರೆ ನೀನು ಅವರನ್ನು ಹುಡುಕಿ ತೆಗೆಯುತ್ತೀಯಾ? ಅವನು ತಡವರಿಸದೆ ಹೇಗೆ ಅಂತ ವಿವರಿಸಿದರೆ ನಿಮಗೂ ಧೈರ್ಯ ಬರುತ್ತದೆ. ತಡವರಿಸಿದರೆ ಹೊರಡುವ ಮುಂಚೆ ಎರಡು ದಿನದ ಹಿಮಕುಸಿತ ತರಬೇತಿ ಮಾಡಿಸಿ, ಆ ಊರುಗಳಲ್ಲಿ ಸಿಗುತ್ತದೆ.

ಇನ್ನೊಂದು ಮಾತು. ಗೈಡ್ ವಾಪಸ್ ಅಂದರೆ ವಾಪಸ್. ಶಿಖರ ಕಣ್ಣೆದುರೇ ಇದ್ದಾಗ ನಮ್ಮ ಗೈಡ್ ಒಮ್ಮೆ ನಿಂತು, ಸ್ಕೀ ಕೋಲಿನಿಂದ ಹಿಮ ಚುಚ್ಚಿ ನೋಡಿ, ಇವತ್ತು ಇಲ್ಲಿಗೇ ಸಾಕು ಅಂದರು. ಗುಂಪಿನಲ್ಲಿ ಒಬ್ಬರು ದುಡ್ಡು ಕೊಟ್ಟಿದ್ದೇವೆ ಅಂತ ಜಗಳಕ್ಕೇ ನಿಂತರು. ನನ್ನ ಪ್ರಕಾರ ನಾವು ದುಡ್ಡು ಕೊಡುವುದೇ ಆ ಒಂದು ನಿರ್ಧಾರಕ್ಕೆ.

ಪ್ರಶ್ನೆ: ಒಳ್ಳೆಯ ಗೈಡ್ ಅಂತ ಗುರುತಿಸುವುದು ಹೇಗೆ? ಖರ್ಚೆಷ್ಟು? – ಔಂಧ್, ಪುಣೆ

ಉತ್ತರ: ಐಎಫ್‌ಎಂಜಿಎ ಗುರುತಿನ ಚೀಟಿ ಇದೆಯಾ ನೋಡಿ. ಇದು 1965ರಲ್ಲಿ ಶುರುವಾದ ಪರ್ವತ ಗೈಡ್‌ಗಳ ಅಂತರರಾಷ್ಟ್ರೀಯ ಒಕ್ಕೂಟ. ಬಂಡೆ, ಮಂಜುಗಡ್ಡೆ, ಸ್ಕೀ, ಎಲ್ಲದರಲ್ಲೂ ವರ್ಷಗಟ್ಟಲೆ ತರಬೇತಿ ಪಡೆದವರಿಗೆ ಮಾತ್ರ ಸಿಗುತ್ತದೆ. ಚೆನ್ನಾಗಿ ಸ್ಕೀ ಮಾಡುವ ಸ್ಥಳೀಯ ಹುಡುಗ ಮತ್ತು ಗೈಡ್ ಒಂದೇ ಅಲ್ಲ.

ಒಬ್ಬ ಗೈಡ್‌ಗೆ ಎಷ್ಟು ಜನ ಅಂತ ಮೊದಲೇ ಕೇಳಿ. ಓಟ್ ರೂಟ್‌ನಂಥ ದಾರಿಯಲ್ಲಿ ಆರು ಜನರವರೆಗೆ ಇರುತ್ತಾರೆ, ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮೋಂ ಬ್ಲಾಂಗೆ ಸ್ಕೀ ಮೇಲೆ ಹೋಗುವುದಾದರೆ ಇಬ್ಬರಷ್ಟೇ. ಗೈಡ್ ಕೂಲಿ ದಿನಕ್ಕೆ ಸಾಮಾನ್ಯವಾಗಿ 400 ಯೂರೋ ಮೇಲೆ, ಅದು ಗುಂಪಿನಲ್ಲಿ ಹಂಚಿಹೋಗುತ್ತದೆ. ಗೈಡ್‌ನ ಹಟ್ ಊಟ, ವಸತಿಯೂ ನಿಮ್ಮದೇ, ಇದನ್ನು ಎಷ್ಟೋ ಜನ ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಪ್ರಶ್ನೆ: ಸಾಮಾನು ಇಲ್ಲೇ ಕೊಂಡುಕೊಳ್ಳಬೇಕಾ? ಪರಿಚಯದವರು ಹಳೆಯ ಬೂಟು, ಸ್ಕಿನ್ ಕೊಡುತ್ತೇನೆ ಅನ್ನುತ್ತಿದ್ದಾರೆ. ಈ ಸ್ಕಿನ್ ಅಂದರೇನು? – ಮಡಗಾಂವ್, ಗೋವಾ

ಉತ್ತರ: ಸ್ಕಿನ್ ಅಂದರೆ ಸ್ಕೀ ತಳಕ್ಕೆ ಅಂಟಿಸುವ ಉದ್ದನೆಯ ಪಟ್ಟಿ, ಮೊಹೇರ್ ಅಥವಾ ನೈಲಾನ್ ಕೂದಲಿನದು. ಬೆಕ್ಕಿನ ಬೆನ್ನು ಸವರಿದ ಹಾಗೆ, ಒಂದು ಕಡೆಗೆ ನುಣುಪು, ಎದುರು ಕಡೆಗೆ ತಡೆ. ಹಾಗಾಗಿ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹತ್ತುವಾಗ ಬೂಟಿನ ಹಿಮ್ಮಡಿ ಬಿಟ್ಟಿರುತ್ತದೆ. ಶಿಖರದಲ್ಲಿ ಸ್ಕಿನ್ ಕಿತ್ತು ಜಾಕೆಟ್ ಒಳಗಿಟ್ಟು, ಹಿಮ್ಮಡಿಯನ್ನು ಸ್ಕೀ ಮೇಲಿನ ಕೊಂಡಿಗೆ, ಅಂದರೆ ಬೈಂಡಿಂಗ್‌ಗೆ ಸಿಕ್ಕಿಸಿ ಇಳಿಯುವುದು.

ಸ್ಕೀ, ಸ್ಕಿನ್, ಟ್ರಾನ್ಸೀವರ್ ಎಲ್ಲ ಶಮೋನಿಯಲ್ಲೋ ಝೆರ್ಮಾಟ್‌ನಲ್ಲೋ ಬಾಡಿಗೆಗೆ ಸಿಗುತ್ತದೆ. ಆ ಹಳೆಯ ಬೂಟು ಬೇಡವೇ ಬೇಡ. ಎಷ್ಟೋ ಸ್ಕೀ ಬೂಟಿನ ಪ್ಲಾಸ್ಟಿಕ್ ಪಾಲಿಯುರೇಥೇನ್‌ನದು, ತೇವದಲ್ಲಿ ವರ್ಷಗಟ್ಟಲೆ ಇದ್ದರೆ ಒಳಗೊಳಗೇ ಕೊಳೆತು ಒಂದು ದಿನ ಚೂರುಚೂರಾಗುತ್ತದೆ. ಗೋವಾದ ಮಳೆಗಾಲ ನಿಮಗೆ ಗೊತ್ತೇ ಇದೆ. ಮುಂದೆ ಒಂದೇ ಒಂದು ವಸ್ತು ಕೊಳ್ಳುವುದಾದರೆ, ನಿಮ್ಮ ಕಾಲಿಗೆ ಅಳತೆ ನೋಡಿಸಿ ಹೊಸ ಬೂಟು ಕೊಳ್ಳಿ. ಕಚ್ಚುವ ಬೂಟಿನಲ್ಲಿ ಮೂರನೇ ದಿನ ಹೆಜ್ಜೆ ಇಡಲೂ ಆಗುವುದಿಲ್ಲ.

ಪ್ರಶ್ನೆ: ವಯಸ್ಸು 54, ಬಿಪಿ ಮಾತ್ರೆ ತಗೊಳ್ಳುತ್ತೇನೆ. ಎತ್ತರಕ್ಕೆ ಹೋಗಬಹುದಾ? – ಹಡಪ್ಸರ್, ಪುಣೆ

ಉತ್ತರ: ವಯಸ್ಸು ಅಡ್ಡಿಯಲ್ಲ. ಬಿಪಿ ವಿಷಯ ನಿಮ್ಮ ಡಾಕ್ಟರೇ ಹೇಳಬೇಕು, ಪರೀಕ್ಷೆ ಮಾಡಿಸದೆ ಟಿಕೆಟ್ ಮಾಡಬೇಡಿ. 4,000 ಮೀಟರ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಶೇ 60. ಝೆರ್ಮಾಟ್‌ನಿಂದ ಕೇಬಲ್ ಕಾರ್ 3,883 ಮೀಟರ್ ತನಕ ಹೋಗುತ್ತದೆ, ಅಲ್ಲಿಂದ ಬ್ರೈಟ್‌ಹಾರ್ನ್ ಶಿಖರ ಹತ್ತಿರ ಕಾಣುತ್ತದೆ ಅಂತ ಬಂದ ಮರುದಿನವೇ ಹೋಗಬೇಡಿ. 2,500ರಿಂದ 3,000 ಮೀಟರ್‌ನಲ್ಲಿ ಎರಡು ಮೂರು ರಾತ್ರಿ ಮಲಗಿ. ತಲೆನೋವು, ವಾಂತಿ ಬಂದರೆ ಗೈಡ್‌ಗೆ ಹೇಳಿ, ಮುಚ್ಚಿಡಬೇಡಿ.

ಪ್ರಶ್ನೆ: ಎರಡು ಪ್ರಶ್ನೆ. ವೀಸಾಕ್ಕೆ ಮಾಡಿಸಿದ ವಿಮೆ ಸಾಕಾ? ನಾವು ಶುದ್ಧ ಸಸ್ಯಾಹಾರಿಗಳು, ಹಟ್‌ನಲ್ಲಿ ಊಟಕ್ಕೆ ಏನು? – ಡೊಂಬಿವಲಿ

ಉತ್ತರ: ಸಾಕಾಗಲ್ಲ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಬೇಕು, ಆದರೆ ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಪರ್ವತಾರೋಹಣ, ಸ್ಕೀ ದಾರಿಯ ಹೊರಗಿನ ಸ್ಕೀ ಎರಡನ್ನೂ ಬಿಟ್ಟಿರುತ್ತಾರೆ. ಸಣ್ಣ ಅಕ್ಷರಗಳನ್ನು ಓದಿ. ಹಿಮನದಿ, ಗೈಡ್ ಜೊತೆ ಸ್ಕೀ ಪರ್ವತಾರೋಹಣ, ಎತ್ತರದ ಮಿತಿ, ಹೆಲಿಕಾಪ್ಟರ್ ರಕ್ಷಣೆ, ನಾಲ್ಕೂ ಬರೆದಿರಬೇಕು. ಫ್ರಾನ್ಸ್‌ನ ಬೆಟ್ಟಗಳಲ್ಲಿ ಸರ್ಕಾರಿ ರಕ್ಷಣಾ ಪಡೆ ದುಡ್ಡು ಕೇಳುವುದಿಲ್ಲ, ಆಸ್ಪತ್ರೆ ಖರ್ಚು ಬೇರೆ. ಗಡಿ ದಾಟಿ ಸ್ವಿಟ್ಜರ್ಲೆಂಡ್‌ಗೆ ಹೋದರೆ ಹೆಲಿಕಾಪ್ಟರ್ ಬಿಲ್ ನಿಮ್ಮ ಹೆಸರಿಗೇ ಬರುತ್ತದೆ. ಓಟ್ ರೂಟ್ ಎರಡೂ ದೇಶಗಳಲ್ಲಿ ಹೋಗುತ್ತದೆ.

ಊಟದ ಚಿಂತೆ ಬೇಡ. ಹಟ್‌ಗಳಲ್ಲಿ ಸಸ್ಯಾಹಾರ ಮಾಡಿಕೊಡುತ್ತಾರೆ, ಪಾಸ್ತಾ, ಚೀಸ್, ಬ್ರೆಡ್, ಸೂಪು. ಸೂಪಿಗೆ ಮಾಂಸದ ಸಾರು ಹಾಕಿದ್ದಾರಾ ಕೇಳಿ, ಮೊಟ್ಟೆ ತಿನ್ನದಿದ್ದರೆ ಅದನ್ನೂ ಬಿಡಿಸಿ ಹೇಳಿ. ಬೆಳಗಿನ ಜಾವ ಬ್ರೆಡ್, ಜಾಮ್, ಚಹಾ, ಅಷ್ಟೇ. ಒಂದು ಸಣ್ಣ ಡಬ್ಬಿ ಶೇಂಗಾ ಚಟ್ನಿಪುಡಿ, ದಾರಿಗೆ ಒಂದಿಷ್ಟು ಶೇಂಗಾ ಚಿಕ್ಕಿ ಇಟ್ಟುಕೊಳ್ಳಿ, ಚಳಿಯಲ್ಲಿ ಜಗಿಯಲು ಚೆನ್ನಾಗಿರುತ್ತದೆ. ಹಟ್‌ಗೆ ಸಾಮಾನು ಹೆಲಿಕಾಪ್ಟರ್‌ನಲ್ಲಿ ಬರುವುದರಿಂದ ಕೊನೇ ಗಳಿಗೆಯಲ್ಲಿ ಹೇಳಿದರೆ ಅವರಿಗೂ ಕಷ್ಟ. ಬುಕಿಂಗ್ ಮಾಡುವಾಗಲೇ ಗೈಡ್‌ಗೆ ಬರೆದು ತಿಳಿಸಿ.