ಓದುಗರ ಪ್ರಶ್ನೆ: ಶಾಲಾ ಬ್ಯಾಂಡಿನ ಹಳೆಯ ವಾದ್ಯಗಳು

ಪ್ರಶ್ನೆ: ನಮ್ಮ ಶಾಲೆಯ ಅಟ್ಟದಲ್ಲಿ ಹಗ್ಗದಿಂದ ಬಿಗಿಯುವ ಹಳೆಯ ಸೈಡ್ ಡ್ರಮ್ ಸಿಕ್ಕಿದೆ. ನಾವು ಕಲಿಯುತ್ತಿದ್ದಾಗ ಆಗಸ್ಟ್ 15ರ ಮೆರವಣಿಗೆಗೆ ಅದನ್ನೇ ಬಾರಿಸುತ್ತಿದ್ದೆವು. ಎರಡೂ ಕಡೆಯ ಚರ್ಮ ಹೋಗಿದೆ. ಚೆಂಡೆ ಕಟ್ಟುವವರಿಂದ ಮುಚ್ಚಿಗೆ ಹಾಕಿಸಬಹುದೇ, ಅಲ್ಲ ಪ್ಲಾಸ್ಟಿಕ್ಕಿನದೇ ಸಾಕೇ? (ಹಳೆ ವಿದ್ಯಾರ್ಥಿ, ಬದಿಯಡ್ಕ)

ಉತ್ತರ: ಚೆಂಡೆ ಕಟ್ಟುವವರಿಂದಲೇ ಹಾಕಿಸಿ, ಆದರೆ ಚೆಂಡೆಯ ದಪ್ಪ ಚರ್ಮ ಬೇಡ. ಮೇಲ್ಬದಿಗೆ ತೆಳುವಾದ ಕರುವಿನ ಚರ್ಮ, ಕೆಳಬದಿಗೆ ಅದಕ್ಕಿಂತಲೂ ತೆಳ್ಳಗಿನದು ಬೇಕು. ಕೆಳಗಿನದು ದಪ್ಪವಾದರೆ ಅದಕ್ಕೆ ತಾಗಿಕೊಂಡಿರುವ ಸ್ನೇರ್ ತಂತಿಗಳು ಅದುರುವುದಿಲ್ಲ. ಸೈಡ್ ಡ್ರಮ್ಮಿನ ಆ ‘ಝರ್’ ನಾದವೇ ಇಲ್ಲವಾಗುತ್ತದೆ.

14 ಇಂಚಿನ ಡ್ರಮ್ಮಿಗೆ ಸುಮಾರು 18 ಇಂಚು ಅಗಲದ ಚರ್ಮ ಕತ್ತರಿಸಿಕೊಳ್ಳಿ. ತಣ್ಣೀರಿನಲ್ಲೇ ಮೆತ್ತಗಾಗುವವರೆಗೆ ನೆನೆಹಾಕಿ. ಬಿಸಿನೀರು ತಾಗಿದರೆ ಚರ್ಮ ಮುದುಡಿ ಕೆಟ್ಟುಹೋಗುತ್ತದೆ. ಒಳಗಿನ ಮರದ ಬಳೆಗೆ ಚರ್ಮವನ್ನು ಸುತ್ತಿ, ಅಂಚನ್ನು ಚಮಚದ ಹಿಡಿಯಿಂದ ಬಳೆಯ ಅಡಿಗೆ ತೂರಿಸಬೇಕು. ಒದ್ದೆಯಿರುವಾಗಲೇ ಡ್ರಮ್ಮಿನ ಮೇಲಿಟ್ಟು, ಹೊರಬಳೆ ಕೂರಿಸಿ, ಹಗ್ಗವನ್ನು ಅರೆಬಿಗಿ ಮಾಡಿ ನೆರಳಲ್ಲಿ ಎರಡು ದಿನ ಒಣಗಲು ಬಿಡಿ. ಬಿಸಿಲಿಗಿಟ್ಟರೆ ಒಂದು ಕಡೆ ಬೇಗ ಎಳೆದು ಬಳೆ ಸೊಟ್ಟಗಾಗುತ್ತದೆ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಡ್ರಮ್ಮನ್ನು ಮಗುಚಿ ಕೆಳಗಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ತಂತಿಗಳು ಹಾದುಹೋಗುವ ಎರಡು ಕಡೆ, ಎದುರುಬದುರಾಗಿ, ಅಂಚು ಸ್ವಲ್ಪ ತಗ್ಗಿರುತ್ತದೆ. ಅದು ಸವೆತವಲ್ಲ, ತಂತಿ ಚರ್ಮಕ್ಕೆ ಒತ್ತಿ ಕೂರಲೆಂದೇ ಮಾಡಿದ್ದು. ಬಡಗಿ ಅದನ್ನು ಸಮ ಮಾಡಿಬಿಟ್ಟರೆ ಮತ್ತೆ ಯಾವ ಮುಚ್ಚಿಗೆ ಹಾಕಿದರೂ ಡ್ರಮ್ ಸರಿಯಾಗಿ ನುಡಿಯದು.

ಪ್ಲಾಸ್ಟಿಕ್ಕಿನ (ಪಾಲಿಯೆಸ್ಟರ್) ಮುಚ್ಚಿಗೆ ಬಳಕೆಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಅದಕ್ಕಿಂತ ಹಳೆಯ ಡ್ರಮ್ಮಿನ ಸುತ್ತಳತೆ ಈಗಿನ ಅಳತೆಗಿಂತ ತುಸು ಹೆಚ್ಚಿರುವುದುಂಟು, ಆಗ ಪ್ಲಾಸ್ಟಿಕ್ ಮುಚ್ಚಿಗೆಯ ರಿಂಗ್ ಇಳಿಯುವುದಿಲ್ಲ. ರಿಂಗ್ ಇಳಿಸಲೆಂದು ಹಳೆಯ ಮರವನ್ನು ಉಜ್ಜಬೇಡಿ, ದಯವಿಟ್ಟು. ಮಳೆಯಲ್ಲೇ ಬಾರಿಸುವ ಮಕ್ಕಳಿಗೆ ಪ್ಲಾಸ್ಟಿಕ್ಕಿನ ಹೊಸ ಡ್ರಮ್ ಬೇರೆ ಇರಲಿ.

ನಮ್ಮ ಕಡೆಯ ಆಟಿ ತಿಂಗಳ ಮಳೆಯ ತೇವಕ್ಕೆ ಚರ್ಮ ಜೋಲುತ್ತದೆ. ಆಗ ಜಗ್ಗಿ ಬಿಗಿದು ಹಾಗೇ ಬಿಟ್ಟರೆ, ಒಣಹವೆ ಬಂದಾಗ ಚರ್ಮ ತಾನೇ ಎಳೆದುಕೊಂಡು ಸೀಳುತ್ತದೆ. ಬಾರಿಸಿದ ಮೇಲೆ ಹಗ್ಗದ ಮೇಲಿನ ಚರ್ಮದ ಪಟ್ಟಿಗಳನ್ನು ಜಾರಿಸಿ ಸಡಿಲಿಸಿಡಿ. ತೆಂಗಿನೆಣ್ಣೆ ಸವರುವುದು ಬೇಡವೇ ಬೇಡ, ನಾದ ಮಂಕಾಗುತ್ತದೆ.

ಪ್ರಶ್ನೆ: ಕೈಯಲ್ಲಿ ಹಿಡಿದು ಬಾರಿಸುವ ಹಳೆಯ ಸಿಂಬಲ್ ಜೋಡಿಯಲ್ಲಿ ಒಂದರ ಅಂಚು ಬಿರಿದಿದೆ. ವೆಲ್ಡಿಂಗ್ ಮಾಡಿಸಬಹುದೇ? (ಸಂಗೀತ ಶಿಕ್ಷಕಿ, ಮಂಜೇಶ್ವರ)

ಉತ್ತರ: ಬೇಡ. ಒಳ್ಳೆಯ ಸಿಂಬಲ್ಲಿನ ಕಂಚಿನಲ್ಲಿ ನೂರಕ್ಕೆ 80 ತಾಮ್ರ, 20 ತವರ. ಇದನ್ನು ಕಾಯಿಸಿ ನೀರಿಗದ್ದಿ ಪೆಡಸುತನ ಹೋಗಲಾಡಿಸಿರುತ್ತಾರೆ. ಮತ್ತೆ ಕಾಯಿಸಿ ಮೆಲ್ಲನೆ ಆರಲು ಬಿಟ್ಟರೆ ಪೆಡಸಾಗಿ, ಬೆಸುಗೆಯ ಪಕ್ಕದಲ್ಲೇ ಒಡೆಯುತ್ತದೆ. ಬಿರುಕು ನಿಂತಲ್ಲಿಂದ ಕೂದಲೆಳೆಯಷ್ಟು ಮುಂದೆ 3 ಮಿಲಿಮೀಟರಿನ ತೂತು ಕೊರೆಸಿ; ಸಾಮಾನ್ಯವಾಗಿ ಬಿರುಕು ಅಲ್ಲಿಗೇ ನಿಲ್ಲುತ್ತದೆ. ಬೋಲ್ಟ್ ಹಾಕಿದ ಮರದ ಹಿಡಿ ಇದ್ದರೆ ತೆಗೆದು ಚರ್ಮದ ಪಟ್ಟಿ ಹಾಕಿ. ಬೋಲ್ಟ್ ನಡುವಿನ ಉಬ್ಬನ್ನು ಅಮುಕಿ ನಾದವನ್ನು ಕಟ್ಟಿಹಾಕುತ್ತದೆ, ಅಲ್ಲೇ ಹೊಸ ಬಿರುಕೂ ಹುಟ್ಟುತ್ತದೆ.

ಮಕ್ಕಳಿಗೆ ಎರಡೂ ಅಂಚುಗಳನ್ನು ಒಟ್ಟಿಗೇ ಕೂಡಿಸಿ ಹೊಡೆಯಬೇಡಿ ಎಂದು ಹೇಳಿಕೊಡಿ. ಒಳಗೆ ಗಾಳಿ ಸಿಕ್ಕಿ ‘ಥಪ್’ ಎಂದು ಅಂಟಿಕೊಳ್ಳುತ್ತದೆ. ಒಂದನ್ನು ತುಸು ಓರೆ ಹಿಡಿದು, ಒಂದು ಅಂಚು ಮೊದಲು ತಾಗುವಂತೆ ಜಾರಿಸಿ ಹೊಡೆಯಬೇಕು.

ಪ್ರಶ್ನೆ: ಬೆಲ್ ಲೈರಾದ (ಲೋಹದ ಪಟ್ಟಿಗಳನ್ನು ಕೋಲಿನಿಂದ ಹೊಡೆದು ನುಡಿಸುವ ಬ್ಯಾಂಡ್ ವಾದ್ಯ) ಎರಡು ಪಟ್ಟಿಗಳು ಮಾತ್ರ ‘ಟಕ್’ ಎನ್ನುತ್ತವೆ, ಯಾಕೆ? (ಓದುಗರು, ಕುಂಬಳೆ)

ಉತ್ತರ: ಸ್ಕ್ರೂ ಅತಿಬಿಗಿಯಾಗಿದೆ, ಇಲ್ಲವೇ ಅಡಿಯ ಫೆಲ್ಟ್ (ಮೆತ್ತನೆಯ ಉಣ್ಣೆಬಟ್ಟೆ) ಕಲ್ಲಿನಂತಾಗಿದೆ. ಪಟ್ಟಿಯ ಉದ್ದದಲ್ಲಿ ತುದಿಯಿಂದ ನೂರಕ್ಕೆ 22.4 ಭಾಗದ ಜಾಗ ಅದುರುವುದಿಲ್ಲ. 20 ಸೆಂಟಿಮೀಟರ್ ಪಟ್ಟಿಗೆ ಸುಮಾರು ನಾಲ್ಕೂವರೆ. ತೂತು, ಫೆಲ್ಟ್ ಎರಡೂ ಅಲ್ಲೇ ಇರಬೇಕು. ಹೊಸ ಫೆಲ್ಟ್ ಹಾಕಿ, ಪಟ್ಟಿ ಬೆರಳಿಗೆ ತುಸು ಅಲುಗುವಷ್ಟೇ ಸ್ಕ್ರೂ ತಿರುಗಿಸಿ. ತುಕ್ಕು ತೆಗೆಯುವಾಗ ಅಡಿಯ ನಡುಭಾಗಕ್ಕೆ ಅರ ಹಾಕಬೇಡಿ, ಸ್ವರ ಇಳಿಯುತ್ತದೆ.