ಪ್ರತಿಕ್ರಿಯೆ: ಘಾಟಿಯಲ್ಲಿ ಓಲಾಡುವ ಸೈಕಲ್ ರ‍್ಯಾಕ್, ಛಾವಣಿಗೆ ಬದಲಿಸಲೇ?

ಆಗುಂಬೆ ಘಾಟಿಯ ತಿರುವುಗಳಲ್ಲಿ ಕಾರಿನ ಡಿಕ್ಕಿಯ ರ‍್ಯಾಕಿಗೆ ಕಟ್ಟಿದ ಎರಡು ಸೈಕಲ್‌ಗಳೂ ಓಲಾಡಿ ಪಟ್ಟಿ ಸಡಿಲಾಗುತ್ತದೆ, ಛಾವಣಿ ರ‍್ಯಾಕ್ ಕೊಳ್ಳಲೇ ಎಂದು ಕೇಳಿದ್ದೀರಿ. ಬಹುಶಃ ರ‍್ಯಾಕಿನ ಮೇಲಿನ ಕೊಕ್ಕೆ ಕೂತಿರುವ ಜಾಗವೇ ಇದಕ್ಕೆ ಕಾರಣ. ಅಲ್ಲಿ ಪ್ಲಾಸ್ಟಿಕ್ ಸ್ಪಾಯ್ಲರ್ (ಡಿಕ್ಕಿಯ ಮೇಲಂಚಿನ ರೆಕ್ಕೆಯಂಥ ಭಾಗ) ಇದ್ದರೆ, ಭಾರ ಬಿದ್ದಂತೆ ಅದು ಬಾಗುತ್ತದೆ. ಫೋಟೊ ನೋಡದೆ ಖಚಿತವಾಗಿ ಹೇಳಲಾರೆ. ಬೆರಳಿನಿಂದ ತಟ್ಟಿ ನೋಡಿ, ಸದ್ದಿನಲ್ಲೇ ತಿಳಿಯುತ್ತದೆ.

ಪ್ಲಾಸ್ಟಿಕ್ ಆದರೆ ಆ ರ‍್ಯಾಕ್ ಬಿಟ್ಟುಬಿಡಿ. ತಗಡಾದರೆ ಹೊಸದಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ. ಕೊಕ್ಕೆಗಳನ್ನು ತಗಡಿನ ಅಂಚಿಗೇ ಸಿಕ್ಕಿಸಿ, ಮೊದಲು ಮೇಲಿನ ಪಟ್ಟಿ, ನಂತರ ಕೆಳಗಿನದು, ಕೊನೆಗೆ ಪಕ್ಕದವನ್ನು ಬಿಗಿಯಿರಿ. ಓಲಾಟ ತಡೆಯುವುದು ಈ ಪಕ್ಕದ ಪಟ್ಟಿಗಳು. ಜನ ಕಟ್ಟದೆ ಬಿಡುವುದೂ ಇವನ್ನೇ! ಭಾರದ ಸೈಕಲ್ ಕಾರಿಗೆ ಒತ್ತಿಕೊಂಡಿರಲಿ. ಮುಂದಿನ ಚಕ್ರ ತಿರುಗದಂತೆ ಅದನ್ನು ಸೈಕಲ್ಲಿನ ಚೌಕಟ್ಟಿಗೆ ಕಟ್ಟಿ. ಟೈರು ಸೈಲೆನ್ಸರಿನ ಬಾಯಿಗೆ ನೇರವಾಗಿರಬಾರದು. ನಂಬರ್ ಪ್ಲೇಟ್, ಹಿಂದಿನ ದೀಪಗಳು ಕಾಣಬೇಕು. ನೈಲಾನ್ ಪಟ್ಟಿ ಮಳೆಯಲ್ಲಿ ನೆನೆದರೆ ಹಿಗ್ಗುತ್ತದೆ, ಆದ್ದರಿಂದ ಇಳಿಜಾರು ಶುರುವಾಗುವ ಮೊದಲು ಆಗುಂಬೆಯಲ್ಲೇ ನಿಲ್ಲಿಸಿ ಮತ್ತೊಮ್ಮೆ ಎಳೆದು ಬಿಗಿಯಿರಿ.

ಛಾವಣಿ ರ‍್ಯಾಕ್ ಕೊಳ್ಳಲೇಬೇಕಾದರೆ, ಛಾವಣಿ ಎಷ್ಟು ಭಾರ ಹೊರುತ್ತದೆ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿ. ತಲಾ 15 ಕಿಲೊದ ಎರಡು ಸೈಕಲ್ ಎಂದರೆ 30 ಕಿಲೊ. ರ‍್ಯಾಕಿನ ತೂಕವನ್ನೂ ಅದಕ್ಕೆ ಸೇರಿಸಿ. ಸೈಕಲ್ ಏರಿಸಿದ ಮೇಲೆ ನೆಲದಿಂದ ಒಟ್ಟು ಎತ್ತರ ಅಳೆದು, ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಬಳಿ ಅಂಟಿಸಿ. ತೀರ್ಥಹಳ್ಳಿ ಕಡೆಯ ಒಳರಸ್ತೆಗಳಲ್ಲಿ ಬಾಗಿದ ಬಿದಿರಿಗೂ ತೋಟದ ದಾರಿಯ ಜೋತುಬಿದ್ದ ತಂತಿಗೂ ನಿಮ್ಮ ಹ್ಯಾಂಡಲ್ಲೇ ಮೊದಲು ಸಿಗುವುದು.