ಗಣಿತ ಪ್ರಶ್ನೋತ್ತರ: ಐದನೇ ಪದಕ್ಕೆ ನಾಲ್ಕೇ ಹೆಜ್ಜೆ

ಪ್ರಶ್ನೆ: ನನ್ನ ಮಗಳು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ‘ಒಂದು ಸಮಾಂತರ ಶ್ರೇಢಿಯ 5ನೇ ಪದ 31, 12ನೇ ಪದ 80 ಆದರೆ ಆ ಶ್ರೇಢಿಯನ್ನು ಕಂಡುಹಿಡಿಯಿರಿ’ ಎಂಬ ಲೆಕ್ಕಕ್ಕೆ ಅವಳು ಮೊದಲ ಪದವನ್ನು ಎ, ಸಾಮಾನ್ಯ ವ್ಯತ್ಯಾಸವನ್ನು ಡಿ ಎಂದಿಟ್ಟುಕೊಂಡು ಎ + 5ಡಿ = 31, ಎ + 12ಡಿ = 80 ಎಂದು ಬರೆದಳು. ವ್ಯತ್ಯಾಸ 7 ಎಂದು ಸರಿಯಾಗಿಯೇ ಬಂತು, ಆದರೆ ಮೊದಲ ಪದ 3 ಆಗುವ ಬದಲು –4 ಬಂದಿದೆ. ಸಮೀಕರಣವೇ ತಪ್ಪಾಗಿದ್ದರೆ ವ್ಯತ್ಯಾಸ ಮಾತ್ರ ಸರಿ ಬಂದದ್ದು ಹೇಗೆ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಸಮೀಕರಣಗಳನ್ನು ಬಿಡಿಸಿದ್ದರಲ್ಲಿ ದೋಷವಿಲ್ಲ, ದೋಷವಿರುವುದು ಅದಕ್ಕೂ ಮೊದಲು, ಲೆಕ್ಕದ ಮಾತನ್ನು ಸಮೀಕರಣವಾಗಿ ಬರೆದುಕೊಂಡ ಜಾಗದಲ್ಲಿ. ಬೇಲಿಗೆ ಐದು ಕಂಬ ನೆಟ್ಟರೆ ಅವುಗಳ ನಡುವೆ ನಾಲ್ಕೇ ಅಂತರಗಳಿರುವಂತೆ, ಮೊದಲ ಪದದಿಂದ ಐದನೇ ಪದಕ್ಕೆ ತಲುಪಲು ಡಿ ಅನ್ನು ನಾಲ್ಕು ಸಲ ಮಾತ್ರ ಕೂಡಿಸಬೇಕು. ಆದ್ದರಿಂದ ಬರೆಯಬೇಕಾದದ್ದು ಎ + 4ಡಿ = 31 ಮತ್ತು ಎ + 11ಡಿ = 80. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ 7ಡಿ = 49, ಅಂದರೆ ಡಿ = 7; ಎ = 31 – 28 = 3. ಶ್ರೇಢಿ 3, 10, 17, 24, 31 ಎಂದು ಮುಂದುವರಿಯುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಅದು ಲೆಕ್ಕಕ್ಕಿಂತಲೂ ಸ್ವಾರಸ್ಯವಾಗಿದೆ. ಮಗಳ ಎರಡೂ ಸಮೀಕರಣಗಳಲ್ಲಿ ಒಂದೊಂದು ಡಿ ಹೆಚ್ಚಾಗಿ ಸೇರಿಕೊಂಡಿತ್ತು; ಒಂದರಿಂದ ಇನ್ನೊಂದನ್ನು ಕಳೆಯುವಾಗ ಆ ಹೆಚ್ಚುವರಿಯೂ ಹೊಡೆದುಹೋಗಿ, ಅಲ್ಲಿಯೂ 7ಡಿ = 49 ಎಂದೇ ಉಳಿಯಿತು. ಆದರೆ ಎ ಕಂಡುಹಿಡಿಯಲು ಅದೇ ಸಮೀಕರಣಕ್ಕೆ ಮರಳಿದಾಗ ಹೆಚ್ಚುವರಿ ಡಿ ಅಲ್ಲಿಯೇ ಇತ್ತು. ಹಾಗಾಗಿ ಅವಳಿಗೆ ದೊರೆತ –4, ಮೊದಲ ಪದಕ್ಕಿಂತ ಒಂದು ಹೆಜ್ಜೆ ಹಿಂದಿನ ಸಂಖ್ಯೆ. ಅದರಿಂದ ಆರಂಭಿಸಿ –4, 3, 10, 17, 24 ಎಂದು ಎಣಿಸಿದರೆ ಐದನೆಯ ಜಾಗದಲ್ಲಿ 31 ಬರುವುದಿಲ್ಲ. ಉತ್ತರವನ್ನು ಸಮೀಕರಣದಲ್ಲಿ ಹಾಕಿ ತಾಳೆ ನೋಡಿದರೆ ಈ ತಪ್ಪು ಸಿಕ್ಕುವುದಿಲ್ಲ, ಏಕೆಂದರೆ ತಪ್ಪು ಸಮೀಕರಣಕ್ಕೆ ಅದು ಸರಿಯಾಗಿಯೇ ಹೊಂದುತ್ತದೆ. ಪದಗಳನ್ನು ಸಾಲಾಗಿ ಬರೆದೇ ತಾಳೆ ನೋಡಬೇಕು.

ಪ್ರಶ್ನೆ: ಒಂದು ಸಂಖ್ಯೆ, ಉದಾಹರಣೆಗೆ 200, ಇಂತಹ ಶ್ರೇಢಿಯಲ್ಲಿ ಇದೆಯೇ ಎಂದು ತಿಳಿಯುವುದು ಹೇಗೆ?
– ಒಬ್ಬ ವಿದ್ಯಾರ್ಥಿ, ಹಾಸನ

ಉತ್ತರ: ಮೇಲಿನ ಶ್ರೇಢಿಯನ್ನೇ ತೆಗೆದುಕೊಳ್ಳಿ. 200ರಿಂದ ಮೊದಲ ಪದ 3ನ್ನು ಕಳೆದರೆ 197. ಇದು 7ರಿಂದ ಶೇಷವಿಲ್ಲದೆ ಭಾಗವಾಗುವುದಿಲ್ಲವಾದ್ದರಿಂದ 200 ಈ ಶ್ರೇಢಿಯಲ್ಲಿಲ್ಲ. 199 ಇದೆ: 196 ÷ 7 = 28 ಹೆಜ್ಜೆ, ಆದ್ದರಿಂದ ಅದು 29ನೇ ಪದ.

ಪ್ರಶ್ನೆ: ನಮ್ಮ ನಾಡಿನ ಹಳೆಯ ಗಣಿತಜ್ಞರು ಶ್ರೇಢಿಗಳ ವಿಷಯ ಬರೆದಿದ್ದಾರೆಯೇ?
– ನಿವೃತ್ತ ಶಿಕ್ಷಕರು, ಕಲಬುರಗಿ

ಉತ್ತರ: ಬರೆದಿದ್ದಾರೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇವುಗಳ ವಿವರವಾದ ಚರ್ಚೆಯಿದೆ. ಮೊದಲ ಪದ ಅಲ್ಲಿ ‘ಆದಿ’, ಸಾಮಾನ್ಯ ವ್ಯತ್ಯಾಸ ‘ಚಯ’, ಪದಗಳ ಸಂಖ್ಯೆ ‘ಗಚ್ಛ’. ಮೊತ್ತದಿಂದ ಈ ಮೂರರಲ್ಲಿ ಒಂದನ್ನು ಪಡೆಯುವ ನಿಯಮಗಳನ್ನೂ ಅವರು ಕೊಟ್ಟಿದ್ದಾರೆ. ಮೊತ್ತ ತಿಳಿದಿರುವಾಗ ಆದಿ ಅಥವಾ ಚಯವನ್ನು ಕಂಡುಹಿಡಿಯಲು ರೇಖಾತ್ಮಕ ಸಮೀಕರಣ ಸಾಕು. ಚಯ ಸೊನ್ನೆಯಲ್ಲದಿದ್ದರೆ ಗಚ್ಛಕ್ಕೆ ವರ್ಗಸಮೀಕರಣವೇ ಬೇಕಾಗುತ್ತದೆ. ಹತ್ತನೇ ತರಗತಿಯ ಮಕ್ಕಳು ಶ್ರೇಢಿಯ ಲೆಕ್ಕದ ನಡುವೆ ಅಪವರ್ತನಕ್ಕೆ ಇಳಿಯಬೇಕಾಗುವುದು ಇದೇ ಕಾರಣಕ್ಕೆ.